ಶರೀರ ಅವನದು, ಶಾರೀರ ಯಾರದು?

ಅರಸೀಕೆರೆಯ ನಮ್ಮ ಮನೆಗೆ ಬೋನಿ ಎಂ. ಬಂದದ್ದು 1980ರ ಬೇಸಿಗೆಯಲ್ಲಿ. ಕುವೈತಿನಲ್ಲಿ ಕೆಲಸಕ್ಕಿದ್ದ ಅಣ್ಣ ಮೊದಲ ರಜೆಗೆ ಬಂದಾಗ ಅಮ್ಮನಿಗೊಂದು ನೈಲಾನ್ ಸೀರೆ, ಅಪ್ಪನಿಗೊಂದು ವಾಚು, ಮನೆಮಂದಿಗೆಲ್ಲ ಸೇರಿ ಒಂದು ಟೂ-ಇನ್-ಒನ್ ತಂದಿದ್ದ. ಜೊತೆಗೆ ನಾಲ್ಕು ಕ್ಯಾಸೆಟ್ಟುಗಳು. ಮೂರರಲ್ಲಿ ಏನಿತ್ತೆಂಬುದು ಈಗ ಮರೆತಿದೆ. ನಾಲ್ಕನೆಯದು ‘ನೈಟ್‌ಫ್ಲೈಟ್ ಟು ವೀನಸ್’. ಆಗ ನನಗೆ ಹದಿನೈದು ವರ್ಷ. ಹಾಡಿನ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಹೆಂಗಸರ ದನಿಗಳ ನಡುವೆ ಬಾವಿಯ ತಳದಿಂದ ಎದ್ದು ಬಂದಂತಿದ್ದ ಆ ಗಂಡು ದನಿ ಕಿವಿಗೆ ಬಿದ್ದ ಮೇಲೆ ನಾನು ಬೇರೆ ಯಾರದೂ ಆಗಿ ಉಳಿಯಲಿಲ್ಲ.

ಆ ದನಿಯ ಒಡೆಯ ಬಾಬಿ ಫ್ಯಾರೆಲ್ ಎಂದು ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮೂವರು ಹೆಂಗಸರ ಜೊತೆಗಿದ್ದ ಒಬ್ಬನೇ ಗಂಡಸು ಅವನು. ಗುಂಗುರು ಗೂಡಿನಂಥ ತಲೆಗೂದಲು, ಎದೆ ತೆರೆದ ಮಿರುಗುವ ಅಂಗಿ. ಅವನ ಚಿತ್ರವಿದ್ದ ಇಂಗ್ಲಿಷ್ ವಾರಪತ್ರಿಕೆಯ ನಡುಪುಟವನ್ನು ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದ್ದೆ. ಪಕ್ಕದಲ್ಲೇ ರಾಘವೇಂದ್ರ ಸ್ವಾಮಿಗಳ ಕ್ಯಾಲೆಂಡರ್ ಇದ್ದುದರಿಂದ ಅಮ್ಮ ಆಕ್ಷೇಪಿಸಿದಳು. ಕ್ಯಾಲೆಂಡರು ಬೇರೆ ಗೋಡೆಗೆ ಹೋಯಿತು. (ಬಾಬಿಯನ್ನು ಏಕವಚನದಲ್ಲಿ ಕರೆಯುತ್ತಿರುವುದನ್ನು ಓದುಗರು ಮನ್ನಿಸಬೇಕು. ಅಭಿಮಾನಕ್ಕೆ ಅಂಥ ಸಲಿಗೆ ಇರುತ್ತದೆ. ರಾಜಕುಮಾರರನ್ನು ಅಣ್ಣಾವ್ರು ಎನ್ನುವ ನಾಡಿನಲ್ಲಿ ನನ್ನದು ಅಪವಾದವಿದ್ದೀತು.)

ಅವನು ಕುಣಿಯುವುದನ್ನು ಕಂಡದ್ದು ಮೂರು ವರ್ಷ ತಡವಾಗಿ, ಮೈಸೂರಿನಲ್ಲಿ, ಬಾಡಿಗೆಗೆ ತಂದ ವಿ.ಸಿ.ಆರ್.ನಲ್ಲಿ. ಮೈಯಲ್ಲಿ ಮೂಳೆಯೇ ಇಲ್ಲವೇನೋ ಎಂಬಂತೆ ನೆಲಕ್ಕೆ ಕುಸಿದು, ಬುಗುರಿಯಂತೆ ಸುತ್ತಿ, ಮೈಮೇಲೆ ದೇವರು ಬಂದವನಂತೆ ಕೈಕಾಲು ಎಸೆಯುತ್ತಿದ್ದ. ಮರುವರ್ಷದ ಕಾಲೇಜು ವಾರ್ಷಿಕೋತ್ಸವದಲ್ಲಿ ನಾನೇ ಬಾಬಿಯಾದೆ. ತೆರೆಯ ಹಿಂದೆ ಗೆಳೆಯ ‘ರಾಸ್ಪುಟಿನ್’ ಹಾಡಿನ ಟೇಪು ಹಾಕಿದ. ಮುಂದೆ ನಾನು ಕುಣಿಯುತ್ತ, ಬಂದ್ ಆಗಿದ್ದ ಮೈಕಿಗೆ ತುಟಿ ಆಡಿಸಿದೆ. ಚಪ್ಪಾಳೆ ಬಿತ್ತು. ನನ್ನ ಪಾತ್ರವನ್ನು ಎಷ್ಟು ಪ್ರಾಮಾಣಿಕವಾಗಿ ನಿರ್ವಹಿಸಿದ್ದೆ ಎಂಬುದು ನನಗೇ ತಿಳಿಯಲು ಇನ್ನೂ ಆರು ವರ್ಷ ಬೇಕಾಯಿತು.

1990ರ ನವೆಂಬರಿನಲ್ಲಿ ಮಿಲಿ ವನಿಲಿ ಎಂಬ ಜೋಡಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ರಾಬ್ ಪಿಲಾಟಸ್, ಫ್ಯಾಬ್ ಮಾರ್ವನ್ ಎಂಬ ಇಬ್ಬರು ಸುಂದರಾಂಗರು ತಮ್ಮದೆಂದು ಬಿಂಬಿಸಿದ ಹಾಡುಗಳಲ್ಲಿ ಅವರ ದನಿಯೇ ಇರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಪಡೆದಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು ಅವರಿಂದ ಹಿಂತೆಗೆದುಕೊಳ್ಳಲಾಯಿತು. ಬ್ಯಾಂಕಿನ ಊಟದ ಬಿಡುವಿನಲ್ಲಿ ಆ ವರದಿಯನ್ನು ಓದುತ್ತ, ಪರರ ಮನೆಯ ಜಗಳ ಕೇಳುವಂತೆ ಖುಷಿಪಡುತ್ತಿದ್ದೆ. ಕೊನೆಯ ಪ್ಯಾರಾದಲ್ಲಿ ನನ್ನ ಮನೆಯೇ ಕಾಣಿಸಿತು. ಈ ಜೋಡಿಯನ್ನು ಕಟ್ಟಿದ ಜರ್ಮನ್ ನಿರ್ಮಾಪಕ ಫ್ರಾಂಕ್ ಫೇರಿಯನ್ ಹಿಂದೆ ಬೋನಿ ಎಂ. ತಂಡವನ್ನೂ ಕಟ್ಟಿದ್ದ, ಅದರಲ್ಲಿ ಬಾಬಿ ಫ್ಯಾರೆಲ್‌ನದೆಂದು ಜನ ತಿಳಿದಿದ್ದ ದನಿ ಸ್ವತಃ ಫೇರಿಯನ್‌ನದೇ!

ಇದು ಗುಟ್ಟೂ ಆಗಿರಲಿಲ್ಲ ಎಂಬುದು ಇನ್ನಷ್ಟು ನೋಯಿಸಿತು. ಎಪ್ಪತ್ತರ ದಶಕ ಮುಗಿಯುವ ಮೊದಲೇ ಜರ್ಮನಿಯಲ್ಲಿ ಇದು ಬಯಲಾಗಿತ್ತು. ಧ್ವನಿಮುದ್ರಿಕೆಗಳಲ್ಲಿ ನಿಜವಾಗಿ ಹಾಡಿದವರು ಜಮೈಕಾ ಮೂಲದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್. ಮೂರನೆಯಾಕೆ ಮೇಜಿ ವಿಲಿಯಮ್ಸ್ ಕೂಡ ಬಾಬಿಯಂತೆ ಕಣ್ಣಿಗೆ ಮಾತ್ರ. ಅಡುಗೆಯವನಾಗಿ ತರಬೇತಿ ಪಡೆದು ಗಾಯಕನಾದ ಫೇರಿಯನ್ ತನ್ನ ದನಿಯನ್ನು ಸ್ಟುಡಿಯೊದಲ್ಲಿ ತಗ್ಗಿಸಿ ಮುದ್ರಿಸಿ, ಬೋನಿ ಎಂ. ಎಂಬ ಹೆಸರಿಟ್ಟು, ಹಾಡಿಗೆ ಬೇಡಿಕೆ ಬಂದ ಮೇಲೆ ಅದಕ್ಕೊಪ್ಪುವ ಮುಖಗಳನ್ನು ಹುಡುಕಿದ್ದ. ಅರುಬಾ ದ್ವೀಪದಿಂದ ಹದಿಹರೆಯದಲ್ಲೇ ನಾವಿಕನಾಗಿ ಹೊರಟು, ಯುರೋಪಿನ ಡಿಸ್ಕೊಗಳಲ್ಲಿ ತಟ್ಟೆ ತಿರುಗಿಸುತ್ತಿದ್ದ ಬಾಬಿ ಸಿಕ್ಕಿದ್ದು ಹಾಗೆ. ಮೊದಲು ದನಿ, ಆಮೇಲೆ ಮನುಷ್ಯ. ಅರಸೀಕೆರೆಯ ಹುಡುಗನಿಗೆ ಹತ್ತು ವರ್ಷ ಯಾರೂ ಹೇಳಲಿಲ್ಲ, ಅಷ್ಟೆ.

ಆ ಶನಿವಾರ ಊರಿಗೆ ಹೋಗಿ ಕ್ಯಾಸೆಟ್ಟುಗಳನ್ನೆಲ್ಲ ಟ್ರಂಕಿಗೆ ತುಂಬಿದೆ. ಅಪ್ಪ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರು. ನನ್ನ ಸಂಗೀತವನ್ನು ‘ಡಬ್ಬ ಬಡಿಯೋದು’ ಎನ್ನುತ್ತಿದ್ದವರು. ಸಂಗತಿ ಕೇಳಿ ನಕ್ಕಾರೆಂದುಕೊಂಡೆ. ನಗಲಿಲ್ಲ. ‘ರಾಜಕುಮಾರ್ ಬಾಯಲ್ಲಿ ಶ್ರೀನಿವಾಸ್ ಹಾಡಿದಾಗ ನಿನಗೆ ಮೋಸ ಅನ್ನಿಸ್ತೇನೋ?’ ಎಂದರು.

ಉತ್ತರ ತಕ್ಷಣ ಹೊಳೆಯಲಿಲ್ಲ. 1974ರ ‘ಸಂಪತ್ತಿಗೆ ಸವಾಲ್’ ಬರುವವರೆಗೆ ತೆರೆಯ ಮೇಲೆ ರಾಜಕುಮಾರ್ ತುಟಿ ಆಡಿಸಿದ್ದು ಬಹುಪಾಲು ಪಿ.ಬಿ. ಶ್ರೀನಿವಾಸರ ದನಿಗೇ. ಶರೀರ ಒಬ್ಬರದು, ಶಾರೀರ ಇನ್ನೊಬ್ಬರದು ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು. ಕಾಕಿನಾಡದ ಒಬ್ಬರ ಕಂಠ, ಗಾಜನೂರಿನ ಒಬ್ಬರ ಮುಖ ಸೇರಿ ಒಬ್ಬನೇ ನಾಯಕನಾಗುವುದನ್ನು ಸಂಶಯವಿಲ್ಲದೆ ಒಪ್ಪಿಕೊಂಡು ಬೆಳೆದ ನನಗೆ, ಅದೇ ಕೆಲಸವನ್ನು ಜರ್ಮನ್ನನೊಬ್ಬ ಮಾಡಿದಾಗ ಸಿಟ್ಟೇಕೆ ಬರಬೇಕು?

‘ಟೈಟಲ್ ಕಾರ್ಡಿನಲ್ಲಿ ಶ್ರೀನಿವಾಸರ ಹೆಸರು ಇರುತ್ತಿತ್ತಲ್ಲ’ ಎಂದೆ ಕೊನೆಗೆ. ಅಪ್ಪ ‘ಅದು ಸರಿ’ ಎಂದು ಪತ್ರಿಕೆ ತೆರೆದರು.

ಅದು ಸರಿಯೇ, ಆದರೆ ಅಷ್ಟೇ ಅಲ್ಲ ಎಂಬುದು ವರ್ಷಗಳು ಕಳೆದಂತೆ ತಿಳಿಯಿತು. ನಮ್ಮಲ್ಲಿ ಮರೆಯಲ್ಲಿ ನಿಂತು ಹಾಡಿದವರಿಗೂ ಒಂದು ಹೆಸರು, ಒಂದು ಮರ್ಯಾದೆ ಇತ್ತು. ಅಲ್ಲಿ ಮರೆಯಲ್ಲಿ ಇದ್ದವನೇ ಯಜಮಾನ. ಮುಂದೆ ನಿಂತವನು ಕೂಲಿಯವನು. ಧ್ವನಿಮುದ್ರಿಕೆಯ ಮೇಲೆ ಹಾಡು ಬರೆದವರಿಗೆ, ಹಾಡಿದವರಿಗೆ, ತಯಾರಿಸಿದವರಿಗೆ ಹಕ್ಕುಂಟು. ಅದರ ಮುಂದೆ ಕುಣಿದವನಿಗೆ ಅಂಥದ್ದೇನೂ ಇಲ್ಲ. ಬಿಳಿಯನೊಬ್ಬನ ದನಿಗೆ ಕರಿಯನೊಬ್ಬನ ಮೈ ಬೇಕಾಯಿತು. ಆ ಮೈ ದಣಿದರೆ ಬೇರೆ ತರಬಹುದಿತ್ತು. ತಂದದ್ದೂ ಉಂಟು. 1981ರಲ್ಲಿ ಬಾಬಿ ಹೊರಬಿದ್ದು, ಮರುವರ್ಷ ರೆಗ್ಗಿ ಸಿಬೋ ಎಂಬ ನಿಜವಾಗಿ ಹಾಡಬಲ್ಲವರೇ ಬಂದರು. ತಂಡಕ್ಕೆ ಹಿಂದಿನ ಜನಪ್ರಿಯತೆ ಮಾತ್ರ ಮರಳಲಿಲ್ಲ. 1984ರಲ್ಲಿ ಬಾಬಿಯನ್ನು ಮತ್ತೆ ಕರೆತಂದರು. ಹಾಡದವನ ಜಾಗವನ್ನು ಹಾಡುವವರು ತುಂಬಲಾಗದ್ದು ನನ್ನಂಥವರಿಗೆ ಈಗಲೂ ಒಳಗೊಳಗೇ ಹೆಮ್ಮೆ.

ಹಾಡುಗಳ ಬಗೆಗೂ ತಡವಾಗಿ ತಿಳಿದುಕೊಂಡೆ. ನಾವು ಸಂಕೋಚವಿಲ್ಲದೆ ಕುಣಿದ ‘ರಿವರ್ಸ್ ಆಫ್ ಬ್ಯಾಬಿಲಾನ್’ ನಿಜದಲ್ಲಿ ಅಳುವಿನ ಹಾಡು. ಸೆರೆಯಾಗಿ ಪರದೇಶಕ್ಕೆ ಒಯ್ಯಲ್ಪಟ್ಟ ಯೆಹೂದ್ಯರು ನದಿಯ ದಂಡೆಯಲ್ಲಿ ತಾಯ್ನಾಡನ್ನು ನೆನೆಯುವ ಬೈಬಲ್ಲಿನ 137ನೇ ಕೀರ್ತನೆ ಅದರ ಮೂಲ. ಜಮೈಕಾದ ಮೆಲೋಡಿಯನ್ಸ್ ತಂಡ 1970ರಲ್ಲಿ ಅದನ್ನು ಹಾಡಿದ್ದು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳ ಪಾಡನ್ನೂ ಅದರಲ್ಲಿ ಕಂಡ ರಾಸ್ತಫಾರಿ ನಂಬಿಕೆಯವರಾಗಿ. ಅವರು ದೇವರನ್ನು ಕರೆದಿದ್ದ ವಿಶಿಷ್ಟ ಪದಗಳನ್ನು ಬೋನಿ ಎಂ. ಹಾಡಿನಲ್ಲಿ ಬದಲಿಸಲಾಯಿತು. 1978ರಲ್ಲಿ ಬ್ರಿಟನ್ನೊಂದರಲ್ಲೇ ಸುಮಾರು 20 ಲಕ್ಷ ತಟ್ಟೆಗಳು ಖರ್ಚಾದವು. ಮನೆ ಬಿಟ್ಟವರ ದುಃಖ ಮದುವೆ ಮನೆಯ ಕುಣಿತವಾಯಿತು. ಕುವೈತಿನ ಶೆಡ್ಡಿನಲ್ಲಿ ಎಂಟು ಜನರೊಡನೆ ಮಲಗುತ್ತಿದ್ದ ಅಣ್ಣ ಆ ಕ್ಯಾಸೆಟ್ಟನ್ನೇ ಏಕೆ ಆರಿಸಿದನೋ! ಒಮ್ಮೆ ಕೇಳಿದ್ದಕ್ಕೆ, ‘ಅಂಗಡಿಯಲ್ಲಿ ಅದೇ ಅಗ್ಗ ಇತ್ತು ಕಣೋ’ ಎಂದ. ನಾನು ಅದನ್ನು ಪೂರ್ತಿ ನಂಬಿಲ್ಲ.

ಬಾಬಿ ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, 61ನೇ ವಯಸ್ಸಿನಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹೋಟೆಲೊಂದರ ಕೋಣೆಯಲ್ಲಿ. ಹಿಂದಿನ ರಾತ್ರಿಯಷ್ಟೇ ಕಾರ್ಯಕ್ರಮ ಮುಗಿಸಿದ್ದ. ತನ್ನದೇ ತಂಡ ಕಟ್ಟಿಕೊಂಡು ಅವೇ ಹಾಡುಗಳೊಂದಿಗೆ ಊರೂರು ಸುತ್ತುತ್ತಿದ್ದ. ರಾಸ್ಪುಟಿನ್ ಕೊಲೆಯಾದದ್ದೂ ಅದೇ ಊರಿನಲ್ಲಿ, 1916ರ ಅದೇ ದಿನಾಂಕದಂದು. 1978ರಲ್ಲಿ ತಂಡ ಮಾಸ್ಕೊಗೆ ಹೋದಾಗ ಆ ಹಾಡಿಗೆ ಮಾತ್ರ ಅನುಮತಿ ಇರಲಿಲ್ಲ. ಪತ್ರಿಕೆಗಳಿಗೆ ಈ ಕಾಕತಾಳೀಯವೇ ಸುದ್ದಿಯಾಯಿತು. ನನಗೆ ಕಂಡದ್ದು ಹೋಟೆಲಿನ ಕೋಣೆ. ಮಿಲಿ ವನಿಲಿಯ ರಾಬ್ ಪಿಲಾಟಸ್ ಕೂಡ 1998ರಲ್ಲಿ ಸತ್ತದ್ದು ಫ್ರಾಂಕ್‌ಫರ್ಟಿನ ಬಳಿಯ ಹೋಟೆಲಿನಲ್ಲೇ.

2013ರ ಏಪ್ರಿಲಿನಲ್ಲಿ ಪಿ.ಬಿ. ಶ್ರೀನಿವಾಸ್ ನಿಧನರಾದರು. ಅಪ್ಪನಿಗೆ ಆಗ ಎಂಬತ್ತು ದಾಟಿತ್ತು. ಟೀವಿಯ ಮುಂದೆ ಬಹಳ ಹೊತ್ತು ಕೂತಿದ್ದು, ‘ರಾಜಕುಮಾರ್ ಇನ್ನೊಂದು ಸಲ ಹೋದಂಗಾಯ್ತು’ ಎಂದರು. ಅಭಿಮಾನದ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ನಾವು ಪ್ರೀತಿಸಿದ್ದು ಆ ಮುಖವನ್ನೂ ಅಲ್ಲ, ಈ ಕಂಠವನ್ನೂ ಅಲ್ಲ; ಎರಡೂ ಸೇರಿ ಆದ ಮೂರನೆಯ ಒಬ್ಬನನ್ನು. ಅವನು ಎಲ್ಲಿಯೂ ಹುಟ್ಟಿರಲಿಲ್ಲ, ಆದ್ದರಿಂದ ಎರಡು ಸಲ ಸಾಯಬಲ್ಲ. ಮನೆಗೆ ಬಂದು ಟ್ರಂಕು ತೆಗೆದೆ. ‘ನೈಟ್‌ಫ್ಲೈಟ್’ ಟೇಪಿಗೆ ಬೂಷ್ಟು ಹಿಡಿದಿತ್ತು.

2024ರ ಜನವರಿಯಲ್ಲಿ ಫೇರಿಯನ್ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಅಣ್ಣ. ನಿವೃತ್ತನಾಗಿ ಅರಸೀಕೆರೆಯಲ್ಲೇ ಇದ್ದಾನೆ. ಫೋನು ಮಾಡಿ, ‘ಹಾಡ್ದೋನೂ ಹೋದ್ನಂತೆ ಕಣೋ’ ಎಂದ. ಯಾರೆಂದು ಇಬ್ಬರೂ ಕೇಳಬೇಕಾಗಿರಲಿಲ್ಲ. ಬಾಬಿ ಹೋದಾಗ ಆದಷ್ಟು ದುಃಖ ಆಗಲಿಲ್ಲ ಎಂದೆ. ‘ನಂಗೆ ಆಯ್ತಪ್ಪ, ನಾನು ಕೇಳಿದ್ದು ದನೀನೇ. ಕುಣಿಯೋದನ್ನ ನೋಡೋಕೆ ನಮಗೆಲ್ಲಿ ಪುರಸೊತ್ತಿತ್ತು ಅಲ್ಲಿ?’ ಎಂದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಎಪ್ಪತ್ತರ ಅಂಚಿನ ಆ ದನಿಯನ್ನು ಆದಷ್ಟು ತಗ್ಗಿಸಿ, ‘ಡ್ಯಾಡಿ ಕೂಲ್’ ಹಾಡಿನ ಗಂಡು ದನಿಯ ಭಾಗವನ್ನು ಗುನುಗತೊಡಗಿದ. ಶ್ರುತಿ ಎಲ್ಲೋ, ತಾಳ ಎಲ್ಲೋ. ಅಲ್ಮೆರಾದ ಕನ್ನಡಿಯಲ್ಲಿ ನೋಡಿದರೆ, ಫೋನು ಹಿಡಿದು ನಿಂತ ನಾನು ಅವನ ಹಾಡಿಗೆ ತುಟಿ ಆಡಿಸುತ್ತಿದ್ದೆ.