ಪುಟ್ಟ ಬೂದು ಫರ್ಗಿ

ಇಂಗ್ಲೆಂಡಿನ ಕವೆಂಟ್ರಿ ನಗರದ ಬ್ಯಾನರ್ ಲೇನ್ ಕಾರ್ಖಾನೆಯಿಂದ 1946 ಮೊದಲ್ಗೊಂಡು 1956ರವರೆಗೆ ಐದು ಲಕ್ಷಕ್ಕೂ ಮಿಗಿಲಾಗಿ ಹೊರಬಂದ ಫರ್ಗ್ಯುಸನ್ ಟಿ.ಇ.20 ಎಂಬ ಟ್ರ್ಯಾಕ್ಟರನ್ನು ಆ ನಾಡಿನ ಬೇಸಾಯಗಾರರು ಅದರ ವರ್ಣವನ್ನೂ ಗಾತ್ರವನ್ನೂ ಕಂಡು ‘ಪುಟ್ಟ ಬೂದು ಫರ್ಗಿ’ ಎಂದು ಅಕ್ಕರೆಯಿಂದ ಕರೆದರು. ತೂಕದಲ್ಲಿ ಒಂದು ಟನ್ನಿಗಿಂತ ತುಸುವೇ ಹೆಚ್ಚಾದ ಈ ಯಂತ್ರವನ್ನು, ಕಿರಿದಾದ ಜಮೀನೂ ಅದರ ಅಂಚಿಗೊಂದಿಷ್ಟು ಕಾಡೂ ಉಳ್ಳ ಗೃಹಸ್ಥರು ಇಂದಿಗೂ ಕೊಂಡು, ಬಿಚ್ಚಿ, ತೊಳೆದು, ತಮ್ಮ ಕೆಲಸಕ್ಕೊಗ್ಗುವಂತೆ ಮಾರ್ಪಡಿಸಿ ದುಡಿಸುತ್ತಿದ್ದಾರೆ. ಈ ದೀರ್ಘಾಯುಸ್ಸಿನ ಕಾರಣವನ್ನು ಅದರ ಹಿಂಭಾಗದ ಮೂರು ತೋಳುಗಳಲ್ಲಿ ಅರಸಬೇಕು.

1884ರಲ್ಲಿ ಐರ್ಲೆಂಡಿನ ಡೌನ್ ಸೀಮೆಯ ರೈತಕುಟುಂಬವೊಂದರಲ್ಲಿ ಜನಿಸಿದ ಹ್ಯಾರಿ ಫರ್ಗ್ಯುಸನ್ನನ ಯೌವನಕಾಲದಲ್ಲಿ ಟ್ರ್ಯಾಕ್ಟರು ನೇಗಿಲನ್ನು ಎತ್ತು ಬಂಡಿಯನ್ನೆಳೆವಂತೆ ಎಳೆಯುತ್ತಿತ್ತು. ಕುಳವು ನೆಲದಡಿಯ ಬಂಡೆಗೆ ಸಿಕ್ಕಿಕೊಂಡಿತೆಂದರೆ ಮುಂಭಾಗವು ಮೇಲೆದ್ದು ಯಂತ್ರವೇ ಚಾಲಕನ ಮೇಲೆ ಮಗುಚುವ ಭಯವಿತ್ತು. ಕೆಳಗಿನ ಎರಡು ತೋಳುಗಳು ಎಳೆಯುವಂತೆಯೂ ಮೇಲಿನ ಒಂದು ತೋಳು ಮುಂದಕ್ಕೆ ಒತ್ತುವಂತೆಯೂ ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಫರ್ಗ್ಯುಸನ್, ಆ ಒತ್ತಡವನ್ನರಿತು ನೇಗಿಲನ್ನು ತಾನಾಗಿ ಏರಿಳಿಸುವ ಹೈಡ್ರಾಲಿಕ್ ವ್ಯವಸ್ಥೆಯನ್ನೂ ರಚಿಸಿದನು. ಇದರಿಂದ ಮಣ್ಣಿನ ಪ್ರತಿರೋಧವೇ ಹಿಂಚಕ್ರಗಳಿಗೆ ಭಾರವನ್ನಿತ್ತು ಹಿಡಿತವನ್ನು ಬಲಪಡಿಸಿತು. ಬಂಡೆ ಅಡ್ಡಬಂದಾಗ ಆ ಭಾರವು ತೊಲಗಿ, ಚಕ್ರಗಳು ನಿಂತಲ್ಲೇ ತಿರುಗಿ, ಅಪಾಯವು ತಪ್ಪಿತು. ಇಂದು ಕನ್ನಡನಾಡಿನ ಹೊಲಗಳಲ್ಲಿ ಕಲ್ಟಿವೇಟರನ್ನೋ ರೋಟಾವೇಟರನ್ನೋ ಎತ್ತಿಹಿಡಿದು ಸಾಗುವ ಟ್ರ್ಯಾಕ್ಟರುಗಳ ಮೂರು ತೋಳುಗಳೂ ಈ ವಂಶದವೇ.

ಮಾರ್ಪಾಡುಗಳು ಅನೇಕ. ಪೆಟ್ರೋಲ್ ಎಂಜಿನನ್ನು ಕಳಚಿ ಪರ್ಕಿನ್ಸ್ ಪಿ3 ಡೀಸೆಲ್ ಎಂಜಿನನ್ನು ಕೂರಿಸುವವರುಂಟು. ಹಿಮದ ಮೇಲೆ ನಡೆಯಲೆಂದು ಚಕ್ರಗಳಿಗೆ ಪಟ್ಟಿಗಳನ್ನು ತೊಡಿಸಿದ ಫರ್ಗ್ಯುಸನ್ನುಗಳಲ್ಲಿ ಎಡ್ಮಂಡ್ ಹಿಲರಿಯ ತಂಡವು 1958ರ ಜನವರಿ 4ರಂದು ದಕ್ಷಿಣಧ್ರುವವನ್ನು ಮುಟ್ಟಿತು. ಆದರೆ ನಿತ್ಯದ ದುಡಿಮೆಗೆ ಬೇಕಾದುದು ಇಂತಹ ಸಾಹಸಗಳಿಗಿಂತ ಸಣ್ಣ ತಿದ್ದುಪಡಿ. ಕ್ಲಚ್ ತುಳಿದ ಬಳಿಕವೂ ಹುಲ್ಲು ಕತ್ತರಿಸುವ ಯಂತ್ರದ ಭಾರವಾದ ಅಲಗುಗಳು ತಮ್ಮ ವೇಗದಿಂದಲೇ, ಎಂಜಿನಿನ ಬಲವನ್ನು ಉಪಕರಣಕ್ಕೆ ಸಾಗಿಸುವ ಪಿ.ಟಿ.ಓ. ದಂಡವನ್ನು ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುವುದರಿಂದ, ಒಂದೇ ದಿಕ್ಕಿನಲ್ಲಿ ಬಲವನ್ನು ಸಾಗಿಸುವ ಕಪ್ಲಿಂಗನ್ನು ಆ ದಂಡಕ್ಕೆ ಸೇರಿಸುವುದು ಅತ್ಯಾವಶ್ಯಕ.

ಕಾಡಿನ ಕೆಲಸದಲ್ಲಂತೂ ವಿವೇಕವು ಇಮ್ಮಡಿಯಾಗಿರಬೇಕು. ಪಿ.ಟಿ.ಓ.ದಿಂದ ತಿರುಗುವ ವಿಂಚನ್ನು ತೋಳುಗಳಿಗೆ ಕಟ್ಟಿ, ಉಕ್ಕಿನ ಹಗ್ಗದಿಂದ ಇಳಿಜಾರಿನ ದಿಮ್ಮಿಗಳನ್ನು ಸೆಳೆದು, ತುದಿಯನ್ನು ತುಸು ಎತ್ತಿ ಎಳೆದೊಯ್ಯುವುದು ಸುಲಭಸಾಧ್ಯ. ಆದರೆ ಸರಪಳಿಯನ್ನು ಹಿಂದಿನ ಆಕ್ಸಲಿಗಿಂತ ಎತ್ತರದಲ್ಲಿ ಬಿಗಿದರೆ, ದಿಮ್ಮಿಯು ಬೇರಿಗೆ ತೊಡರಿದ ಕ್ಷಣದಲ್ಲಿ, ಫರ್ಗ್ಯುಸನ್ ಯಾವ ವಿಪತ್ತನ್ನು ನಿವಾರಿಸಲು ಬಾಳೆಲ್ಲ ಶ್ರಮಿಸಿದನೋ ಆ ವಿಪತ್ತೇ ಮರಳುತ್ತದೆ. ಕಾರ್ಖಾನೆಯಿಂದ ಬಂದಾಗ ಈ ಟ್ರ್ಯಾಕ್ಟರಿಗೆ ಚಾಲಕನನ್ನು ಕಾಯುವ ಚೌಕಟ್ಟಿರಲಿಲ್ಲ. ಪರೀಕ್ಷೆಗೊಳಪಟ್ಟ ರಕ್ಷಾಚೌಕಟ್ಟನ್ನೂ ಸೀಟ್ ಬೆಲ್ಟನ್ನೂ ಅಳವಡಿಸದೆ ಅದನ್ನು ಕಾಡಿಗೊಯ್ಯುವುದು ನನ್ನ ಅಭಿಪ್ರಾಯದಲ್ಲಿ ಅಕ್ಷಮ್ಯ. ಮನೆಯಂಗಳದಲ್ಲಿ ಬೆಸುಗೆ ಹಾಕಿದ ಕೊಳವೆಗಳು ಇದಕ್ಕೆ ಸಾಲವು.

ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗದೆ, ಗೇರ್‌ಬಾಕ್ಸಿನ ಎಣ್ಣೆಯನ್ನು ಮೊದಲು ನೋಡತಕ್ಕದ್ದು: ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆಯಾದುದರಿಂದ, ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ಅಂಥದನ್ನು ಕೊಳ್ಳುವವನು ಪಂಪಿನ ದುರಸ್ತಿಯ ವೆಚ್ಚವನ್ನೂ ಬೆಲೆಯೊಳಗೆ ಎಣಿಸಿಕೊಳ್ಳಬೇಕು.