ಬಿಸಿಲೂರಿಗೂ ಬೇಕು ಸಂಜೆಯ ಉಳಿತಾಯ

ತಿರುಮಣಿ, ವಳ್ಳೂರು, ಬಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಶೇಂಗಾವೂ ಕೈಹತ್ತದಿದ್ದ ಪಾವಗಡ ತಾಲ್ಲೂಕಿನ ಈ ಐದು ಊರುಗಳಲ್ಲಿ ಈಗ ಬಿಸಿಲೇ ಬೆಳೆ. ಸುಮಾರು 13,000 ಎಕರೆಯಲ್ಲಿ ಹರಡಿರುವ ‘ಶಕ್ತಿಸ್ಥಲ’ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಕೊನೆಗೆ ಕೆಲಸ ಪೂರ್ತಿಯಾಯಿತು. ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು.

ಇಷ್ಟು ಕರೆಂಟು ಹುಟ್ಟುವ ಸೀಮೆಯಲ್ಲಿ ಉಳಿತಾಯದ ಮಾತೇಕೆ? ಹೊತ್ತು ಮುಳುಗಿದ ಮೇಲೆ ಫಲಕಗಳು ದುಡಿಯುವುದಿಲ್ಲ, ಅದಕ್ಕೆ. ಮನೆಮನೆಯಲ್ಲಿ ದೀಪ, ಫ್ಯಾನು, ಟಿವಿ ಒಟ್ಟಿಗೆ ಶುರುವಾಗುವ ಏಳು ಗಂಟೆಗೆ ರಾಯಚೂರು, ಬಳ್ಳಾರಿ ಸ್ಥಾವರಗಳ ಕಲ್ಲಿದ್ದಲು, ಶರಾವತಿಯ ನೀರು ನೆರವಿಗೆ ಬರಬೇಕು. ಹಾಗಾಗಿ ಸಂಜೆ ಉಳಿಸಿದ ಒಂದು ಯೂನಿಟ್ಟಿನ ಬೆಲೆ ಮಧ್ಯಾಹ್ನ ತಯಾರಾದ ಯೂನಿಟ್ಟಿಗಿಂತ ಹೆಚ್ಚು.

ಲೆಕ್ಕ ಎಲ್ಲಿದೆ?

60 ವಾಟ್‌ನ ಹಳೆಯ ಬುರುಡೆ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್‌ನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಕೇಂದ್ರದ ‘ಉಜಾಲಾ’ ಮತ್ತು ರಾಜ್ಯದ ‘ಹೊಸ ಬೆಳಕು’ ಯೋಜನೆಗಳಿಂದಾಗಿ ಈ ಪಾಠ ಹಳ್ಳಿಗಳಿಗೂ ತಲುಪಿದೆ. ಉಳಿದಿರುವುದು ಫ್ಯಾನಿನ ಪಾಠ. ಸುಮಾರು 75 ವಾಟ್ ಎಳೆಯುವ ಹಳೇ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವಾಟ್‌ನ ಬಿಎಲ್‌ಡಿಸಿ (ಬ್ರಷ್‌ರಹಿತ ಮೋಟಾರಿನ) ಫ್ಯಾನಿಗೆ 11 ಸಾಕು. ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು 2023ರ ಜನವರಿಯಿಂದ ಕಡ್ಡಾಯ. ಕೊಳ್ಳುವಾಗ ದರದ ಜೊತೆ ಅದನ್ನೂ ನೋಡಬೇಕು.

ಉಚಿತ ಕರೆಂಟಿನ ‘ಗೃಹಜ್ಯೋತಿ’ ಯೋಜನೆ ಇದ್ದಮೇಲೆ ಈ ಲೆಕ್ಕವೆಲ್ಲ ಯಾಕೆ ಅನ್ನುವವರುಂಟು. ಉಚಿತಕ್ಕೂ ಮಿತಿಯಿದೆ: 2022–23ರ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಹೆಚ್ಚುವರಿ, ಗರಿಷ್ಠ 200 ಯೂನಿಟ್. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಆ ಗೆರೆಯೊಳಗೆ ಉಳಿಯಲು ಹಳೇ ಫ್ಯಾನು ಬದಲಿಸುವುದೂ ಒಂದು ದಾರಿ.

ಸೆಕೆಯ ಮೂಲ ಮಾತ್ರ ಛಾವಣಿಯಲ್ಲಿದೆ. ಬಯಲುಸೀಮೆಯ ಹಳೇ ಮಾಳಿಗೆ ಮನೆಗಳ ದಪ್ಪ ಮಣ್ಣು ಹಗಲಿನ ಕಾವನ್ನು ಒಳಗೆ ಬಿಡಲು ತಡಮಾಡುತ್ತಿತ್ತು. ಈಗಿನ ತೆಳು ಆರ್‌ಸಿಸಿ ಸಂಜೆಗೇ ಆ ಕಾವನ್ನು ಕೋಣೆಗೆ ಸುರಿಯುತ್ತದೆ, ತಗಡಿಗಂತೂ ಅಷ್ಟು ಹೊತ್ತೂ ಬೇಡ. ತಾರಸಿಗೆ ಸುಣ್ಣ ಇಲ್ಲವೇ ಬಿಳಿ ಬಣ್ಣ ಬಳಿದರೆ ಬಿಸಿಲು ಹಿಂದಿರುಗುತ್ತದೆ, ಫ್ಯಾನಿನ ಕೆಲಸ ಹಗುರಾಗುತ್ತದೆ.

ಪಂಚಾಯಿತಿಯಿಂದಲೇ ಶುರುವಾಗಲಿ

ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಗಳು ನಡೆಯುವುದು ಹಗಲಲ್ಲಿ. ಬಿಸಿಲೂ ಅದೇ ಹೊತ್ತಿನದು. ಛಾವಣಿ ಸೋಲಾರ್ ಇವುಗಳಿಗೆ ಹೇಳಿ ಮಾಡಿಸಿದ್ದು, ಬ್ಯಾಟರಿಯ ಖರ್ಚೂ ಕಡಿಮೆ. ಬೀದಿದೀಪದ ಕತೆ ಬೇರೆ. ಬೆಳಗಾದರೂ ಉರಿಯುವ ದೀಪಕ್ಕೆ ಎಲ್‌ಇಡಿ ಹಾಕಿದರಷ್ಟೇ ಸಾಲದು, ಟೈಮರ್ ಕೂಡಿಸಬೇಕು. ಪ್ರತಿ ಕಟ್ಟಡದ ತಿಂಗಳ ಬಿಲ್ಲನ್ನು ಗ್ರಾಮಸಭೆಯಲ್ಲಿ ಓದಿಸಿದರೆ ಎಲ್ಲಿ ಸೋರುತ್ತಿದೆ ಎಂದು ಊರಿಗೇ ಗೊತ್ತಾಗುತ್ತದೆ. ನಾಡಿಗೆ ಕರೆಂಟು ಕೊಡುವ ಊರಿನವರಿಗೆ ಆ ಲೆಕ್ಕ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಿದೆ.