ಶಾಲೆಗೆ ಬಿದ್ದ ಬೀಗ

ಅಮೆರಿಕದ ದಕ್ಷಿಣದ ಹಲವೆಡೆ ಕಪ್ಪು ವರ್ಣೀಯರಿಗೆ ಅಕ್ಷರ ಕಲಿಸುವುದೇ ಒಂದು ಕಾಲಕ್ಕೆ ಅಪರಾಧವಾಗಿತ್ತು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ ದಂಡ ಹಾಕುವ ಕಾನೂನನ್ನು ದಕ್ಷಿಣ ಕೆರೊಲಿನಾ 1740ರಲ್ಲೇ ಮಾಡಿತ್ತು. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಶಾಲೆಗಳೇನೋ ಹುಟ್ಟಿಕೊಂಡವು. ಆದರೆ ಸೌಲಭ್ಯ ಸಮಾನವಾಗಿದ್ದರೆ ಎರಡು ವರ್ಣದವರನ್ನು ಬೇರೆ ಬೇರೆ ಇಡುವುದು ತಪ್ಪಲ್ಲ ಎಂದು 1896ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ಲೆಸ್ಸಿ ಪ್ರಕರಣ ಎಂದು ಹೆಸರಾದ ಅದು ರೈಲು ಬೋಗಿಗೆ ಸಂಬಂಧಿಸಿದ್ದು. ಅದರ ಪೆಟ್ಟು ಶಾಲೆಗಳಿಗೂ ಬಿತ್ತು. ಬೇರೆ ಇಡುವುದು ಚಾಚೂತಪ್ಪದೆ ಜಾರಿಯಾಯಿತು, ಸಮಾನತೆ ಕಾಗದದಲ್ಲೇ ಉಳಿಯಿತು.

ಹಾಗೆಂದರೇನು ಎಂಬುದಕ್ಕೆ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಸಾಕ್ಷಿ. ಅಲ್ಲಿನ ಫಾರ್ಮ್‌ವಿಲ್ ಊರಿನ ಮೋಟನ್ ಪ್ರೌಢಶಾಲೆಯನ್ನು ಕಟ್ಟಿದ್ದು ಸುಮಾರು 180 ಮಕ್ಕಳಿಗೆ. 1951ರ ಹೊತ್ತಿಗೆ ಓದುತ್ತಿದ್ದವರು 450ರಷ್ಟು. ಜಾಗ ಸಾಲದಾದಾಗ ಆಡಳಿತ ಹಾಕಿಸಿಕೊಟ್ಟದ್ದು ಟಾರು ಕಾಗದ ಹೊದಿಸಿದ ಶೆಡ್‌ಗಳನ್ನು. ಮಳೆಗೆ ಅವು ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯಿಂದ ದೂರ ಕೂತವರು ಕೋಟು ತೊಟ್ಟೇ ಪಾಠ ಕೇಳುತ್ತಿದ್ದರು. ಆ ವರ್ಷ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ನಾಯಕತ್ವದಲ್ಲಿ ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಅವರು ಕೇಳಿದ್ದು ಒಳ್ಳೆಯ ಕಟ್ಟಡ. ವಕೀಲರ ಸಲಹೆಯಂತೆ ಆ ಬೇಡಿಕೆ ಪ್ರತ್ಯೇಕತೆಯನ್ನೇ ಪ್ರಶ್ನಿಸುವ ದಾವೆಯಾಯಿತು. 1954ರ ಮೇ 17ರಂದು ಶಾಲಾ ಪ್ರತ್ಯೇಕತೆಯನ್ನು ಅಸಾಂವಿಧಾನಿಕವೆಂದ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪಿನೊಳಗೆ ಸೇರಿದ ಐದು ಪ್ರಕರಣಗಳಲ್ಲಿ ಇದೂ ಒಂದು.

ಮರುವರ್ಷದ ಆದೇಶ ತೀರ್ಪಿನ ಜಾರಿಗೆ ಗಡುವು ಹಾಕಲಿಲ್ಲ. ದಕ್ಷಿಣದ ರಾಜ್ಯಗಳು ಆ ಸಡಿಲಿಕೆಯನ್ನು ಚೆನ್ನಾಗಿಯೇ ಬಳಸಿಕೊಂಡವು. 1959ರಲ್ಲಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಲೇಬೇಕಾದ ಸಂದರ್ಭ ಬಂದಾಗ ಪ್ರಿನ್ಸ್ ಎಡ್ವರ್ಡ್ ಕೌಂಟಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿ, ಎಲ್ಲಕ್ಕೂ ಬೀಗ ಹಾಕಿತು. ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆ ಹುಟ್ಟಿಕೊಂಡಿತು. ಅದರ ಶುಲ್ಕಕ್ಕೆ ಸರ್ಕಾರದ ನೆರವೂ ಸಿಕ್ಕಿತು. ಸುಮಾರು 1,700 ಕಪ್ಪು ವರ್ಣೀಯ ಮಕ್ಕಳು ಬೀದಿಗೆ ಬಿದ್ದರು. ಕೆಲವರು ಬೇರೆ ಊರಿನ ನೆಂಟರ ಮನೆ ಸೇರಿದರು, ಕೆಲವರು ಚರ್ಚುಗಳಲ್ಲಿ ಅಷ್ಟಿಷ್ಟು ಕಲಿತರು, ಹಲವರು ಓದನ್ನೇ ಬಿಟ್ಟರು. 1963ರಲ್ಲಿ ದೇಣಿಗೆಯಿಂದ ಉಚಿತ ಶಾಲೆಗಳು ಶುರುವಾದವು. ಸರ್ಕಾರಿ ಶಾಲೆಗಳ ಬೀಗ ತೆಗೆಸಲು 1964ರ ಸುಪ್ರೀಂ ಕೋರ್ಟ್ ಆದೇಶವೇ ಬೇಕಾಯಿತು.

ಶಾಲೆಗಳು ಒಂದಾದ ಕಡೆ ನಷ್ಟ ಇನ್ನೊಂದು ಬಗೆಯದು. ವಿಲೀನದ ಹೆಸರಿನಲ್ಲಿ ಮುಚ್ಚಿದ್ದು ಸಾಮಾನ್ಯವಾಗಿ ಕಪ್ಪು ವರ್ಣೀಯರ ಶಾಲೆಗಳೇ. 1954ರ ನಂತರದ ಒಂದು ದಶಕದಲ್ಲಿ ದಕ್ಷಿಣ ಹಾಗೂ ಗಡಿ ರಾಜ್ಯಗಳ ಸುಮಾರು 38,000 ಕಪ್ಪು ವರ್ಣೀಯ ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರೆಂಬ ಅಂದಾಜಿದೆ. ಮಕ್ಕಳ ಪರ ಮಾತಾಡಬಲ್ಲವರು ಶಿಕ್ಷಕರ ಕೊಠಡಿಯಲ್ಲಿ ಇಲ್ಲವಾದರು.

ಉತ್ತರದ ನಗರಗಳಲ್ಲಿ ಬೀಗದ ಕೆಲಸವನ್ನು ಶಾಲಾ ಜಿಲ್ಲೆಗಳ ಗಡಿರೇಖೆ ಮಾಡಿತು. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಕಪ್ಪು ವರ್ಣೀಯರ ಬಡಾವಣೆಗಳಿಗೆ ಗೃಹಸಾಲ ಸಿಗದಂತೆ 1930ರ ದಶಕದಿಂದಲೇ ನೋಡಿಕೊಂಡಿದ್ದರಿಂದ ಅಲ್ಲಿ ಮನೆಗಳಿಗೆ ಬೆಲೆ ಕಡಿಮೆ, ತೆರಿಗೆ ಕಡಿಮೆ, ಶಾಲೆಗೂ ಹಣ ಕಡಿಮೆ. ಈ ಅಸಮಾನತೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲಿ ಟೆಕ್ಸಸ್‌ನ ಪ್ರಕರಣವೊಂದರಲ್ಲಿ 5–4ರ ಬಹುಮತದಿಂದ ಹೇಳಿತು. ಡೆಟ್ರಾಯಿಟ್ ಶಾಲೆಗಳ ಪ್ರತ್ಯೇಕತೆ ನೀಗಿಸಲು ಸುತ್ತಲಿನ ಬಿಳಿಯರ ಉಪನಗರಗಳ ಶಾಲೆಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಮರುವರ್ಷ ಅಷ್ಟೇ ಅಂತರದಿಂದ ತೀರ್ಪಿತ್ತಿತು. ಪ್ರತ್ಯೇಕತೆ ಉಳಿಯಲು ಬಿಳಿಯರು ಗಡಿಯಾಚೆಗೆ ಮನೆ ಬದಲಿಸಿದರೆ ಸಾಕಾಯಿತು.

ಒಳಗೆ ಬಂದ ಮಕ್ಕಳನ್ನು ಹೊರಗೆ ಕಳಿಸುವುದರಲ್ಲೂ ಭೇದವಿದೆ. 2013–14ರ ಫೆಡರಲ್ ಅಂಕಿಅಂಶದ ಪ್ರಕಾರ ಸರ್ಕಾರಿ ಶಾಲಾಪೂರ್ವ ತರಗತಿಗಳಲ್ಲಿ ಕಪ್ಪು ವರ್ಣೀಯ ಮಕ್ಕಳು ಶೇ 19. ಅಮಾನತಾಗಿ ಮನೆಗೆ ಹೋದವರಲ್ಲಿ ಅವರ ಪಾಲು ಶೇ 47.

ಬೀಗ ಬಿದ್ದ ಶಾಲೆಗಳ ಮಕ್ಕಳು ಓದು ಮುಂದುವರಿಸಲೆಂದು ವರ್ಜೀನಿಯಾ 2004ರಲ್ಲಿ ವಿದ್ಯಾರ್ಥಿವೇತನ ಆರಂಭಿಸಿತು. ಅಷ್ಟು ಹೊತ್ತಿಗೆ, 1959ರಲ್ಲಿ ಆರು ವರ್ಷದವರಾಗಿದ್ದವರಿಗೂ ಐವತ್ತು ದಾಟಿತ್ತು.